ತಾತನಿಗೆ ಕೇಳಿಸಿದ ಪಿಸುಮಾತು

ಎದುರುಮನೆಯ ತಾರಸಿಯ ಮೇಲಿನ ಡಿಶ್ ಆಂಟೆನಾ ಕಂಡಾಗಲೆಲ್ಲ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಅಂದು ಮನೆಮಂದಿಯೆಲ್ಲ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ವಿಜ್ಞಾನ ಮ್ಯೂಸಿಯಂ ನೋಡಲು ಹೋಗಿದ್ದೆವು. ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಬಂಡೆ ಸಿಡಿಸಿ ಸಿಡಿಸಿ ತಾತನ ಕಿವಿ ಮಂದವಾಗಿತ್ತು. ನಾವೆಲ್ಲ ಅವನೊಂದಿಗೆ ಕೂಗಿಯೇ ಮಾತಾಡುತ್ತಿದ್ದೆವು. ಅಜ್ಜಿ ಮಾತ್ರ ಕೂಗಲು ನಾಚಿ ಕೈಸನ್ನೆಯಲ್ಲೇ ಸಂಸಾರ ನಡೆಸುತ್ತಿದ್ದಳು.

ಅಲ್ಲಿ ಹಜಾರದ ಎರಡು ತುದಿಗಳಲ್ಲಿ ಡಿಶ್ ಆಂಟೆನಾದಂತೆ ಬಾಗಿದ, ಆಳೆತ್ತರದ ಲೋಹದ ತಟ್ಟೆಗಳು ಎದುರುಬದುರು ನಿಂತಿದ್ದವು. ಒಂದರ ಮುಂದೆ ಪಿಸುಗುಟ್ಟಿದರೆ ಇನ್ನೊಂದರ ಮುಂದೆ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ ಎಂದು ಪಕ್ಕದ ಬೋರ್ಡಿನಲ್ಲಿ ಬರೆದಿತ್ತು. ತಾತನನ್ನು ಆಚೆ ತಟ್ಟೆಯ ಮುಂದೆ ನಿಲ್ಲಿಸಿ ಬಂದು, ಈಚೆ ತಟ್ಟೆಯ ತಣ್ಣನೆಯ ಲೋಹದ ಹತ್ತಿರ ಮುಖ ತಂದು ನಾನು "ತಾತಾ" ಎಂದು ಪಿಸುಗುಟ್ಟಿದೆ.

ನನ್ನ ತಟ್ಟೆಯೊಳಗಿಂದಲೇ ಅವನ ದನಿ ಗುಡುಗಿತು: "ಯಾಕ್ಲಾ ಅಂಗ್ ಕಿರುಚ್ತೀಯ? ನಾನೇನ್ ಕಿವುಡ್ನಾ?"

ನಾನು ತಟ್ಟೆಗೆ ಇನ್ನಷ್ಟು ಹತ್ತಿರ ಸರಿದೆ. ತಾತನೇ ಮತ್ತೆ ಹೇಳಿದ: "ನಿಮ್ಮಜ್ಜೀನ ಕರ್ಕೊಂಡ್ ಬಾರ್ಲಾ. ಅವ್ಳೇನಾರ ಮಾತಾಡ್ಲಿ."

"ಥೂ, ಎಲ್ರೂ ನೋಡ್ತಾವ್ರೆ" ಎಂದಳು ಅಜ್ಜಿ. ಆದರೂ ನಮ್ಮನ್ನೆಲ್ಲ ದೂರ ಸರಿಸಿ, ಸೆರಗನ್ನು ಬಾಯಿಗೆ ಮರೆಮಾಡಿಕೊಂಡು ತಟ್ಟೆಗೆ ಏನೋ ಹೇಳಿದಳು. ನಮಗೆ ಒಂದಕ್ಷರವೂ ಕೇಳಿಸಲಿಲ್ಲ.

ಆಚೆ ತುದಿಯಲ್ಲಿ ತಾತ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದು, ಅಲುಗಾಡದೆ ನಿಂತುಬಿಟ್ಟ. ಆಮೇಲೆ ಇಡೀ ಹಜಾರವೇ ತಿರುಗಿ ನೋಡುವಂತೆ ಕೂಗಿದ:

"ಅದ್ನ ಇನ್ನೊಂದ್ ಸಾರಿ ಅನ್ನೇ!"