ವರ್ಷ ವರ್ಷ ಸಮುದ್ರ

ಹಾಲಿಡೇ ಕ್ಲಬ್ಬಿನವರು ಹೋಟೆಲಿನ ಹಾಲ್‌ನಲ್ಲಿ ಕೊಟ್ಟ ಪುಕ್ಕಟೆ ಊಟ ಮುಗಿಸಿ ಏಳುವವನಿದ್ದೆ. ಪಕ್ಕದ ಟೇಬಲ್ಲಿನ ಹಿರಿಯರೊಬ್ಬರು, "ನಾವು ಮೆಂಬರ್ ಆಗಿ ನಾಲ್ಕು ವರ್ಷ ಆಯ್ತು ಸ್ವಾಮಿ. ವರ್ಷ ವರ್ಷ ಸಮುದ್ರ ನೋಡ್ತೀವಿ" ಅಂದರು. ಹುಟ್ಟಿದಾಗಿನಿಂದ ಸಮುದ್ರ ಕಾಣದ ನನ್ನ ಹೆಂಡತಿ ವನಜ ನನ್ನ ಮುಖ ನೋಡಿದಳು. ಸಮುದ್ರದ ಪಕ್ಕದ ಅವರ ರೂಮುಗಳಿಗೆ ಬಾಡಿಗೆಯ ಬದಲು ಸಲ್ಲುವ ಪಾಯಿಂಟ್ ಕೊಂಡು ರುಜು ಹಾಕಿದೆ.

ಆಮೇಲೆ ಎರಡು ವರ್ಷ ಫೋನ್ ಮಾಡಿದ್ದೇ ಬಂತು. ದಸರೆಗೂ ರೂಮ್ ಫುಲ್, ಆಷಾಢಕ್ಕೂ ಫುಲ್.

"ಆಷಾಢದಲ್ಲಿ ಯಾರಮ್ಮಾ ಹೋಗ್ತಾರೆ?" ಎಂದು ರೇಗಿದೆ.

ಕ್ಲಬ್ಬಿನ ಹುಡುಗಿ ದನಿ ತಗ್ಗಿಸಿದಳು. "ಅಂಕಲ್, ಬರೀ ಪಾಯಿಂಟಿಗೆ ರೂಮ್ ಸಿಗಲ್ಲ. ಐದು ಜನ ಹೊಸಬರನ್ನ ಸೇರಿಸಿದೋರಿಗೆ ಮೊದಲು. ನಿಮ್ಮನ್ನ ಸೇರಿಸಿದ ತಾತನೂ ಇನ್ನೂ ಒಂದ್ಸಲಾನೂ ಹೋಗಿಲ್ಲ."

ವನಜಳಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡರೆ ಬೆರಳು ಮಡಚಿ ಐದರವರೆಗೆ ಎಣಿಸಿದಳು.

ಮುಂದಿನ ಭಾನುವಾರ ಮತ್ತೆ ಅದೇ ಹಾಲ್. ಪಕ್ಕದ ಟೇಬಲ್ಲಿಗೆ ಹೊಸ ಜೋಡಿಯೊಂದು ಬಂತು. ನಾನು ತಟ್ಟೆಯ ಕಡೆ ತಿರುಗಿಕೊಂಡೆ. ವನಜಳೇ ಕುರ್ಚಿ ಎಳೆದುಕೊಂಡು ಆ ಹೆಣ್ಣುಮಗಳ ಕೈ ಹಿಡಿದಳು.

"ಬೆಳಗ್ಗೆ ಎದ್ದು ಕಿಟಕಿ ತೆಗೆದ್ರೆ ಸಾಕು ಕಣಮ್ಮಾ, ಸಮುದ್ರ ಅಲ್ಲೇ ಬಂದು ನಿಂತಿರುತ್ತೆ."