ಬೋರಲು ಹಾಕಿದ ಹಾಳೆ

"ಅಜ್ಜಿ, ಕಾಗದದ ಮೇಲಿಡೋ ಆ ಗಾಜಿನ ಗುಂಡನ್ನ ಮನೆಗೆ ತಗೊಂಡು ಹೋಗಿ. ಈಗ ಇಲ್ಲಿ ಯಾರೂ ಟೈಪು ಮಾಡಿಸಲ್ಲ, ಗೆಸ್ಟುಗಳು ರೂಮಲ್ಲೇ ಕೂತು ತಮ್ಮ ಲ್ಯಾಪ್‌ಟಾಪಿಂದ ಪ್ರಿಂಟ್ ಕೊಡ್ತಾರೆ" ಎಂದು ಹೋಟೆಲಿನ ಮ್ಯಾನೇಜರ್ ಹೇಳುತ್ತಿರುವಾಗಲೇ, ಕೆಳಗಿನ ಹಜಾರದ ಮೇಜಿನ ಮೇಲಿದ್ದ ಪ್ರಿಂಟರ್ ಅಕ್ಷರ ಮೇಲಾಗಿ ಒಂದು ಹಾಳೆ ಉಗುಳಿತು. ಕಸ ಗುಡಿಸುತ್ತಿದ್ದ ಅಜ್ಜಿ ಪೊರಕೆ ಬಿಸಾಕಿ ಬಂದು, ಹಾಳೆಯನ್ನು ಬೋರಲು ಹಾಕಿ, ಮೇಲೆ ಗುಂಡು ಇಟ್ಟಳು.

ತೀರಿಹೋದ ಅವಳ ಗಂಡ ಅದೇ ಮೇಜಿನಲ್ಲಿ ಗೆಸ್ಟುಗಳ ಕಾಗದ ಟೈಪು ಮಾಡುತ್ತಿದ್ದ. ಮುಗಿದ ಹಾಳೆಯನ್ನು ಹೀಗೇ ಬೋರಲು ಹಾಕಿ, ಮೇಲೆ ಇದೇ ಗುಂಡು ಇಡುತ್ತಿದ್ದ. "ಅವರು ಟೈಪಿಗೆ ಕೂತ್ರೆ ಮೂರು ಬೀದಿಯ ನಾಯಿಗಳೂ ಎದ್ದು ಓಡ್ತಿದ್ವು, ಅಷ್ಟು ಸದ್ದು! ಆದ್ರೆ ಒಬ್ಬರ ಗುಟ್ಟೂ ಹೊರಗೆ ಹೋಗಲಿಲ್ಲ. ಓದೋಕೆ ಬರಲ್ಲ ಅಂತಾನೇ ನನ್ನ ಕಟ್ಟಿಕೊಂಡ್ರಂತೆ!" ಎಂದಳು ಅಜ್ಜಿ.

ಮ್ಯಾನೇಜರ್ ನಗುತ್ತಿದ್ದಾಗಲೇ ಒಬ್ಬ ಹೆಂಗಸು ಒದ್ದೆ ತಲೆಯಲ್ಲೇ ಮೆಟ್ಟಿಲಿಳಿದು ಓಡಿಬಂದಳು. "ನನ್ನ ಆಸ್ಪತ್ರೆ ರಿಪೋರ್ಟು... ಯಾರಾದ್ರೂ ನೋಡಿದ್ರಾ? ನಮ್ಮ ಆಫೀಸಿನವರೆಲ್ಲ ಇಲ್ಲೇ ಇಳ್ಕೊಂಡಿದಾರೆ." ಅಜ್ಜಿ ಗುಂಡು ಎತ್ತಿ, ಹಾಳೆಯನ್ನು ಬೋರಲಾಗಿಯೇ ಅವಳ ಕೈಗಿಟ್ಟಳು. "ಇದರ ಬೆನ್ನು ಮಾತ್ರ ನೋಡಿದೀನಿ ಮಗಳೇ. ಬೆಳ್ಳಗಿದೆ."

ಅವಳು ಹಾಳೆಯನ್ನು ಎದೆಗೊತ್ತಿಕೊಂಡು ಮೆಟ್ಟಿಲೇರಿದಳು. ಅಜ್ಜಿ ಗುಂಡನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಳ್ಳಲು ಹೋದಳು. ಮ್ಯಾನೇಜರ್ ಅದನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡು, ಪ್ರಿಂಟರಿನ ಪಕ್ಕದಲ್ಲಿಟ್ಟ.