ಯಾವುದೇ ವ್ಯಕ್ತಿ

ಅತ್ತೆಯ ಹೆಸರಿಗೆ ಬಂದ ಸರ್ಕಾರದ ನೋಟಿಸನ್ನು ಓದಿ ಹೇಳುವ ಕೆಲಸ ಸೊಸೆಯ ಪಾಲಿಗೇ ಬಂತು. ಮನೆಯಲ್ಲಿ ಕಾನೂನು ತಿಳಿದವಳು ಅವಳೊಬ್ಬಳೇ. ಕೈಚೀಲವನ್ನೂ ಕೆಳಗಿಡದೆ ನಿಂತಲ್ಲೇ ಶುರು ಮಾಡಿದಳು. “ಯಾವುದೇ ವ್ಯಕ್ತಿ, ಯಾವುದೇ ಸಾಧನದಿಂದ, ತನ್ನ ಕುಟುಂಬಕ್ಕೆ ಸೇರದ ಯಾವುದೇ ಇತರರಿಗೆ ಸುದ್ದಿಯನ್ನು ತಲುಪಿಸಿದಲ್ಲಿ...” ಅಲ್ಲಿಗೆ ಓದು ನಿಲ್ಲಿಸಿದಳು. ಕಾನೂನು ಇಲಾಖೆಯಲ್ಲಿ ಕರಡು ಬರೆಯುವುದು ಅವಳ ಉದ್ಯೋಗ. ಆ ವಾಕ್ಯ ಅವಳೇ ಬರೆದದ್ದು. ಇರುವೆ ನುಸುಳಲೂ ಸಂದಿ ಬಿಟ್ಟಿಲ್ಲ ಎಂದು ಮೇಲಧಿಕಾರಿ ಆವತ್ತು ಹೊಗಳಿದ್ದರು.

ಅತ್ತೆ ಮಾಡಿದ ಅಪರಾಧ ಇಷ್ಟೇ. ಅವರ ತಂಗಿಗೆ ಕಣ್ಣು ಮಂಜಾಗುತ್ತಾ ಬಂದು ಪೇಪರು ಓದಲಾಗದೆ ಹೋದಾಗ, ದಿನಾ ಬೆಳಿಗ್ಗೆ ತಾವೇ ಗಟ್ಟಿಯಾಗಿ ಓದಿ, ಆ ದನಿಯನ್ನು ಮುದ್ರಿಸಿ ಫೋನಿನಲ್ಲಿ ಕಳಿಸತೊಡಗಿದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ಪಳಗಿದ ದನಿ, ಒಂದಕ್ಷರವನ್ನೂ ನುಂಗುತ್ತಿರಲಿಲ್ಲ. ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ತಂಗಿಗೆ ಪರಿಚಯವಾದವರು ತಮಗೂ ಬೇಕೆಂದರು, ಅವರ ನೆಂಟರು ಬೇಕೆಂದರು, ಬಳ್ಳಿ ಹಬ್ಬಿತು. ನಡುನಡುವೆ ಅತ್ತೆಯ ಒಗ್ಗರಣೆಯೂ ಇರುತ್ತಿತ್ತು: “ಸೇತುವೆ ಬರೋ ವರ್ಷ ಮುಗಿಯುತ್ತಂತೆ. ಹೋದ ವರ್ಷವೂ ನಿಮಗೆ ಇದನ್ನೇ ಓದಿದ್ದೆ.” ಅದು ಹೇಗೋ ಪತ್ರಿಕೆಯವರ ಕಿವಿಗೆ ಬಿದ್ದು, ನಮ್ಮ ಬರಹದ ಹಕ್ಕು ನಮ್ಮದು ಎಂದು ಅವರು ದೂರು ಕೊಟ್ಟರು. ದೂರು ವಿಚಾರಿಸಲು ಹೊರಟ ಅಧಿಕಾರಿಗೆ ಹೊಸ ಕಾನೂನೂ ನೆನಪಾಯಿತು. ಪರವಾನಗಿ ಇಲ್ಲದ ಸುದ್ದಿ ಪ್ರಸಾರ ಎಂದು ಅದನ್ನೂ ಜೊತೆಗೆ ಹೊಲಿದು ಕಳಿಸಿದ.

“ದುಡ್ಡು ಕೊಟ್ಟು ತಂದ ಪೇಪರು. ಕಣ್ಣಲ್ಲಿ ಓದಿದ್ರೆ ನನ್ನದು, ಬಾಯಲ್ಲಿ ಓದಿದ್ರೆ ಅವರದ್ದಾ?” ಎಂದರು ಅತ್ತೆ. ಸೊಸೆಯ ಕೈಯಿಂದ ನೋಟಿಸನ್ನು ಇಸಿದುಕೊಂಡು, ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತಾ ಇನ್ನೊಮ್ಮೆ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು, “ಇದು ನೀನು ಬರೆದದ್ದಲ್ವೇನೇ?”

“ಹೇಗೆ ಗೊತ್ತಾಯ್ತು?”

“ನಿನ್ನ ಮಗಳಿಗೆ ನೀನು ಹೇಳೋದೂ ಹೀಗೇ ಅಲ್ವಾ. ಯಾವುದೇ ಕಾರಣಕ್ಕೂ, ಯಾವುದೇ ಹೊತ್ತಿನಲ್ಲೂ, ಯಾವುದೇ ತಿಂಡಿ ಡಬ್ಬಿಗೂ ಕೈ ಹಾಕಕೂಡದು ಅಂತ. ಆದ್ರೂ ಅವಳು ಹಾಕ್ತಾಳೆ.”

ಬೈದಿದ್ದರೆ ಸೊಸೆಗೆ ಹಗುರಾಗುತ್ತಿತ್ತು. ಅತ್ತೆ ಬೈಯಲಿಲ್ಲ. ತಮ್ಮಿಂದ ಸೊಸೆಯ ನೌಕರಿಗೆ ಕುತ್ತು ಬರಬಾರದೆಂದು ಮರುದಿನದಿಂದ ಓದುವುದನ್ನೇ ನಿಲ್ಲಿಸಿದರು. ತಂಗಿ ಕುಟುಂಬದವಳೇ, ಅವಳೊಬ್ಬಳಿಗೆ ಕಳಿಸಲು ಅಡ್ಡಿಯಿಲ್ಲ ಎಂದು ಸೊಸೆ ತಿಳಿಸಿ ಹೇಳಿದಳು. ಪಂಕ್ತಿಭೇದ ತಮ್ಮಿಂದಾಗದು ಎಂದುಬಿಟ್ಟರು ಅತ್ತೆ. ಬೆಳಗಿನ ಪೇಪರು ಬಂದ ಮಡಿಕೆಯಲ್ಲೇ ಸಂಜೆಯವರೆಗೂ ಬಿದ್ದಿರುತ್ತಿತ್ತು. ಒಂದು ದಿನ ತಂಗಿ ಸೊಸೆಯ ಕಚೇರಿಗೇ ಫೋನು ಮಾಡಿದರು. “ಅಕ್ಕನಿಗೆ ಹುಷಾರಿಲ್ವಾ? ಈಗೀಗ ಬೆಳಿಗ್ಗೆ ಆಗಿದ್ದೇ ಗೊತ್ತಾಗಲ್ಲ ಕಣೇ.” ಗಂಟಲು ನೋವು ಎಂದು ಸೊಸೆ ಸುಳ್ಳು ಹೇಳಿದಳು.

ಆ ಸುಳ್ಳು ಅವಳನ್ನು ಮೇಲಧಿಕಾರಿಯ ಕೋಣೆಗೆ ತಳ್ಳಿತು. ಅವರೇನೂ ಕೆಟ್ಟವರಲ್ಲ. ನಿಮ್ಮ ಮನೆಯವರೆಂದು ಮೊದಲೇ ಹೇಳಬಾರದಿತ್ತೇ, ಆ ನೋಟಿಸನ್ನು ಈಗಲೇ ವಾಪಸು ತೆಗೆಸುತ್ತೇನೆ ಎಂದು ಫೋನಿಗೆ ಕೈ ಹಾಕಿದರು. ತಮ್ಮೊಬ್ಬರ ಬಿಡುಗಡೆಗೆ ಅತ್ತೆ ಒಪ್ಪುವವರಲ್ಲ. ಅದಕ್ಕೇ ಸೊಸೆ, ಕಾನೂನಿಗೇ ವಿನಾಯಿತಿಯ ಒಂದು ಸಾಲು ಸೇರಿಸೋಣ ಎಂದಳು. ಬರೆದು ತನ್ನಿ, ಆದರೆ ಯಾರಿಗಾಗಿ ಈ ಕಾನೂನು ತಂದೆವೋ ಅವನು ಮಾತ್ರ ತಪ್ಪಿಸಿಕೊಳ್ಳಬಾರದು ಎಂದರು ಅವರು. ಅವಳು ಕೂತು ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಅತ್ತೆ ಹೊರಗೆ ಬರುವಷ್ಟು ಬಾಗಿಲು ತೆರೆದರೆ ಆ ಮನುಷ್ಯನೂ ಹಿಂದೆಯೇ ಬರುತ್ತಿದ್ದ. ಅವನಿಗೆಂದು ಮುಚ್ಚಿದರೆ ಅತ್ತೆಯ ಸೆರಗು ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ, ಈ ಕಲಮನ್ನೇ ಕೈಬಿಡುವುದು ಒಳ್ಳೆಯದು ಎಂದು ಬರೆದು, ಸಹಿ ಹಾಕಿ, ಅವರ ಮೇಜಿನ ಮೇಲಿಟ್ಟು ಬಂದಳು. ಸ್ವಲ್ಪ ದಿನಕ್ಕೆ ಅವಳಿಗೆ ತೂಕ ಮತ್ತು ಅಳತೆಯ ವಿಭಾಗಕ್ಕೆ ವರ್ಗವಾಯಿತು. ಕಲಮು ಇದ್ದಲ್ಲೇ ಉಳಿಯಿತು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಇನ್ನು ಕುತ್ತು ಬರುವುದಕ್ಕೆ ಏನೂ ಉಳಿದಿಲ್ಲವಲ್ಲ, ವಿಚಾರಣೆಗೆ ಕರೆದ ದಿನ ಹೋಗಿ ಬಂದರಾಯಿತು ಎಂದರು. ಮರುದಿನ ಬೆಳಿಗ್ಗೆ ಕಿಟಕಿಯ ಪಕ್ಕ ಪೇಪರು ಹರಡಿಕೊಂಡು ಕೂತು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಎಲ್ಲರಿಗೂ ಕಳಿಸಿದರು. ತಂಗಿಯಿಂದ ತಿರುಗಿ ಬಂದದ್ದು ಬರೀ ಒಂದು ನಿಟ್ಟುಸಿರು, ಆಮೇಲೆ ಒಂದು ನಗು. ಅದನ್ನು ಅತ್ತೆ ಮತ್ತೆ ಮತ್ತೆ ಹಾಕಿ ಕೇಳಿದರು. ಆಮೇಲೆ ಪೇಪರು ಮಡಿಸುತ್ತಾ, ಕಚೇರಿಗೆ ಹೊರಟಿದ್ದ ಸೊಸೆಯನ್ನು ಕೇಳಿದರು, “ಅಷ್ಟೆಲ್ಲಾ ಒದ್ದಾಡಿ ಯಾರನ್ನು ಹಿಡಿಯಬೇಕಾಗಿತ್ತೇ ನಿಮಗೆ?”

ಒಬ್ಬ ದರ್ಜಿ ಇದ್ದಾನೆ, ಹೊಲಿಗೆ ಯಂತ್ರ ತುಳಿಯುತ್ತಲೇ ದಿನದ ಸುದ್ದಿಯನ್ನು ಮಂತ್ರಿಗಳ ದನಿಯಲ್ಲಿ ಅಣಕಿಸಿ ಹೇಳಿ ಊರಿಗೆಲ್ಲಾ ಕಳಿಸುತ್ತಾನೆ, ಜನ ಬಿದ್ದು ಬಿದ್ದು ನಗುತ್ತಾರೆ ಎಂದಳು ಸೊಸೆ.

“ಅವನೊಬ್ಬನೇ?”

“ಅವನೊಬ್ಬನೇ.”

“ತಿಗಣೆಗೆ ಹೆದರಿ ಮನೆ ಸುಟ್ಟ ಹಾಗಾಯ್ತು. ಅವನ ಹೆಸರನ್ನೇ ಬರೆದುಬಿಟ್ಟಿದ್ರೆ ಉಳಿದವರು ಬದುಕ್ಕೊಳ್ತಿದ್ರಲ್ಲ.”

ಸೊಸೆ ಚಪ್ಪಲಿ ಮೆಟ್ಟುತ್ತಿದ್ದಳು. ಕಚೇರಿಯ ಹೊಸಬರಿಗೆ ಪಾಠ ಹೇಳಿ ಹೇಳಿ ರೂಢಿಯಾದ ದನಿಯಲ್ಲಿ, ತಲೆ ಎತ್ತದೆ ಅಂದಳು:

“ಕಾನೂನಿನಲ್ಲಿ ಒಬ್ಬರ ಹೆಸರು ಬರೆಯೋ ಹಾಗಿಲ್ಲ ಅತ್ತೆ. ಅನ್ಯಾಯ ಆಗುತ್ತೆ.”